ಮಾಲ್ಗುಡಿ ಡೇಸ್‌ನಲ್ಲಿ ತಪ್ಪು ಹುಡುಕಲು ಕೂತರೆ ಮನೆಯಲ್ಲೇ ಎರಡು ಪಕ್ಷ

ಡೊಂಬಿವಲಿ ಕಿಟಕಿ ಸೀಟು:

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು. ಆದರೆ ಎರಡು ದಿನದಿಂದ ಮನೆಯಲ್ಲಿ ಇದೇ ಜಗಳ, ಅದಕ್ಕೇ ಇಲ್ಲಿ ತಂದು ಹಾಕುತ್ತಿದ್ದೇನೆ.

ಮೊನ್ನೆ ಆ ಮಳೆಗೆ ಲೋಕಲ್ ಎಲ್ಲಾ ನಿಂತುಹೋಗಿತ್ತಲ್ಲ, ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಡೊಂಬಿವಲಿಗೆ ಬಂದು ಇಷ್ಟು ವರ್ಷ ಆದರೂ ಮಳೆ ಹಿಡಿದರೆ ಸಾಕು, ಮನಸ್ಸು ಊರಿಗೆ ಓಡುತ್ತದೆ. ಹಲಸಿನ ಹಪ್ಪಳ ಕರಿದು ಅವರ ಮುಂದೆ ಇಟ್ಟು, ಆಗುಂಬೆಯಲ್ಲಿ ಶೂಟಿಂಗ್ ಮಾಡಿದ ಆ ಹಳೇ ದೂರದರ್ಶನ ಧಾರಾವಾಹಿ ಮಾಲ್ಗುಡಿ ಡೇಸ್ ಹಾಕಿದೆ. ಆ 'ತಾನ ನಾ ತಾನನ ನಾನ' ಬಂದ ಕೂಡಲೇ ಅತ್ತೆ ಹಪ್ಪಳ ಮುರಿಯುವುದನ್ನೂ ನಿಲ್ಲಿಸಿದರು.

ಪಕ್ಕದಲ್ಲಿ ಮಗ. ಒಂಬತ್ತನೇ ಕ್ಲಾಸು. ಈಗಿನವರಿಗೆ ಏನನ್ನೂ ಸುಮ್ನೆ ನೋಡಿ ಗೊತ್ತಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಿಮೋಟು, ನಿಮಿಷಕ್ಕೊಮ್ಮೆ ನಿಲ್ಲಿಸಿ "ಅಮ್ಮಾ, ಇದು ತಪ್ಪು" ಅನ್ನುತ್ತಾನೆ. ದಕ್ಷಿಣದ ಒಂದು ಊರಿನಲ್ಲಿ ಅಂಗಡಿಯವನಿಂದ ಅಜ್ಜಿವರೆಗೆ ಎಲ್ಲರೂ ಹಿಂದಿ ಮಾತಾಡುತ್ತಾರೆ, ಇದು ಒಂದನೇ ತಪ್ಪಂತೆ. ಎರಡನೆಯದು ಇನ್ನೂ ಜೋರು. ಧಾರಾವಾಹಿಯ ಸ್ವಾಮಿ ಕಥೆಗೆ ಮೂಲವಾದ ಪುಸ್ತಕ 'ಸ್ವಾಮಿ ಅಂಡ್ ಫ್ರೆಂಡ್ಸ್' ಅವನು ಓದಿದ್ದಾನೆ. ಅದರಲ್ಲಿ ಊರಿನವರು ಸರಯೂ ನದಿಯ ದಂಡೆಯಲ್ಲಿ ಸಭೆ ಸೇರುವ ದಿನ 1930ರ ಆಗಸ್ಟ್ 15 ಅಂತ ಇದೆ. "ಸ್ವಾತಂತ್ರ್ಯ ಬಂದದ್ದು 1947ರಲ್ಲಿ, ಬರೆದವರೇ ಗೊಂದಲ ಮಾಡಿಕೊಂಡಿದ್ದಾರೆ" ಅಂತ ಇವನ ತೀರ್ಪು.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ, ರೈಲ್ವೆ ಸ್ಟೇಷನ್ ಬಂದ ಕೂಡಲೇ, "ಆಗುಂಬೆಗೆ ರೈಲು ಯಾವಾಗ ಬಂತೋ ಮಾರಾಯ, ನನಗೇ ಗೊತ್ತಿಲ್ಲದೆ?" ಅಂದುಬಿಟ್ಟರು. ಮಗನಿಗೆ ಹಬ್ಬ. ಆದರೆ ಅತ್ತೆ ಅದನ್ನು ತಪ್ಪು ಅಂತ ಹೇಳಿದ್ದಲ್ಲವಂತೆ, ಸುಮ್ಮನೆ ಕೇಳಿದ್ದಂತೆ. ಈಗ ಅವನು ತಪ್ಪು ಅನ್ನುವುದು, ಇವರು ಅಲ್ಲ ಅನ್ನುವುದು. ಮಧ್ಯೆ ನಾನು ಅಡುಗೆ ಮಾಡಬೇಕು.

ಗೊತ್ತಿದ್ದವರು ಹೇಳಿ. ನಿಮಗೂ ಇಂಥದ್ದು ಕಂಡಿದ್ದರೆ ಬರೆಯಿರಿ. ಮಾಲ್ಗುಡಿಯೇ ಆಗಬೇಕು ಅಂತಿಲ್ಲ, ಹಳೇ ದೂರದರ್ಶನದ ಯಾವುದಾದರೂ ಸರಿ.


ಮಾಟುಂಗ ಫಿಲ್ಟರ್ ಕಾಫಿ:

ಮೊದಲು ಆಗಸ್ಟ್ 15 ಮುಗಿಸೋಣ. ಆ ಪುಸ್ತಕ ಅಚ್ಚಾದದ್ದೇ 1935ರಲ್ಲಿ. ಆರ್. ಕೆ. ನಾರಾಯಣ್ ಅದನ್ನು ಬರೆಯುವಾಗ ಆಗಸ್ಟ್ 15 ಅಂದರೆ ಆಗಸ್ಟ್ 14ರ ಮರುದಿನ, ಅಷ್ಟೇ. ಹನ್ನೆರಡು ವರ್ಷ ಆದಮೇಲೆ ಆ ತಾರೀಕಿಗೆ ಅಷ್ಟು ತೂಕ ಬರುತ್ತದೆ ಅಂತ ಅವರಿಗೆ ಕನಸು ಬಿದ್ದಿತ್ತಾ? ಕಾಕತಾಳೀಯ.

ಇನ್ನೊಂದು ಗಮನಿಸಿದ್ದಾನಾ ಕೇಳಿ. ಆ ಸಭೆ ಸೇರುವುದು ಗೌರಿಶಂಕರ್ ಅನ್ನುವ ಮುಖಂಡನನ್ನು ಬಂಧಿಸಿದರು ಅಂತ. ಅವನು ಯಾವ ಊರಿನವನು ಹೇಳಿ? ಬೊಂಬಾಯಿಯವನು! ನಮ್ಮ ಊರಿಗೂ ಮಾಲ್ಗುಡಿಗೂ ಅಷ್ಟು ಹಳೇ ನಂಟು.

ಅದೇ ಅಧ್ಯಾಯದಲ್ಲಿ ಟೋಪಿ ಕಥೆ ಇದೆ. ವಿದೇಶಿ ಬಟ್ಟೆ ಸುಡುತ್ತಿರುತ್ತಾರೆ. ಯಾರೋ ಸ್ವಾಮಿಯ ತಲೆ ನೋಡಿ ನೀನು ವಿದೇಶಿ ಟೋಪಿ ಹಾಕಿದ್ದೀಯ ಅನ್ನುತ್ತಾರೆ. ಇವನಿಗೆ ನಾಚಿಕೆ ಆಗಿ ಟೋಪಿ ಕಿತ್ತು ಬೆಂಕಿಗೆ ಎಸೆಯುತ್ತಾನೆ. ಆಮೇಲೆ ಅಪ್ಪ ಬೈಯುತ್ತಾರೆ, ಅದು ಖಾದಿ ಟೋಪಿಯೇ ಆಗಿತ್ತು ಅಂತ. ನಿಮ್ಮ ಮಗನಿಗೆ ಈ ಭಾಗ ಇನ್ನೊಮ್ಮೆ ಓದಲು ಹೇಳಿ. ಬೈಯುತ್ತಿಲ್ಲ, ಪ್ರೀತಿಯಿಂದ ಹೇಳುತ್ತಿದ್ದೇನೆ.


ವಾಸ್ಕೋ ಮೀಟರ್ ಗೇಜ್:

ರೈಲು ಅಂದರೆ ನಾನು ಬರಲೇಬೇಕು.

ನಿಮ್ಮ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಆಗುಂಬೆಗೆ ರೈಲು ಇರಲಿಲ್ಲ, ಇಂದಿಗೂ ಇಲ್ಲ. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಅಂದರೆ ಅರಸಾಳು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಲೈನಿನಲ್ಲಿ, ಹೊಸನಗರ ತಾಲ್ಲೂಕಿನಲ್ಲಿದೆ. ಅಲ್ಲಿನ ಹಳೇ ಸ್ಟೇಷನ್ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಅಂದರೆ ಪರದೆಯ ಮೇಲೆ ಆಗುಂಬೆಯ ಬೀದಿಯಿಂದ ಹೊರಟವನು ಒಂದೇ ಕಟ್‌ನಲ್ಲಿ ಘಟ್ಟದ ರಸ್ತೆ, ಹೊಳೆ, ಎರಡು ತಾಲ್ಲೂಕು ಎಲ್ಲಾ ದಾಟಿ ಪ್ಲಾಟ್‌ಫಾರ್ಮ್ ಮೇಲೆ ನಿಂತಿರುತ್ತಾನೆ. ಮುಂಬೈಯವರಿಗೆ ಇದು ಗೊತ್ತಾಗುವುದಿಲ್ಲ. ಆದರೆ ದಾದರ್‌ನಲ್ಲಿ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಕರ್ಜತ್ ಬಂತು ಅಂತ ತೋರಿಸಿದರೆ ನೀವು ಬಿಡುತ್ತೀರಾ? ಹಾಗೇ ಅತ್ತೆಗೆ.

ಈಗ ಇನ್ನೊಂದು. ಕೆಲವರು "ಅದು ಸಣ್ಣ ಹಳಿ, ಬ್ರಿಟಿಷರ ಕಾಲದ ದೊಡ್ಡ ಊರಿಗೆ ಅಂಥ ಪುಟ್ಟ ರೈಲಾ?" ಅಂತ ಕೇಳುತ್ತಾರೆ. ಅದು ತಪ್ಪಲ್ಲ. ಮದ್ರಾಸ್ ಎಗ್ಮೋರ್‌ನಿಂದ ತಿರುಚ್ಚಿಗೆ ಹೋಗುವ ಮುಖ್ಯ ಲೈನೇ ಆಗ ಮೀಟರ್ ಗೇಜ್. ಪುಸ್ತಕದ ಮಾಲ್ಗುಡಿಯನ್ನು ಓದುಗರು ಆ ಕಡೆಯೇ ಎಲ್ಲೋ ಇಟ್ಟು ನೋಡುತ್ತಾರೆ. ನಮ್ಮ ವಾಸ್ಕೋದಿಂದ ಲೋಂಡಾ, ಹುಬ್ಬಳ್ಳಿ ಕಡೆಗೂ 90ರ ದಶಕದವರೆಗೆ ಅದೇ ಹಳಿ. ನಮ್ಮಪ್ಪ ಆ ಲೈನಿನಲ್ಲೇ ಗಾರ್ಡ್ ಆಗಿದ್ದವರು. ದೂಧಸಾಗರದ ಹತ್ತಿರ ಗಾಡಿ ನಿಂತಾಗ ಕಿಟಕಿಯಿಂದ ಒಳಗೆ ಬರುತ್ತಿದ್ದ ಆ ನೀರಿನ ಹನಿ ಈಗಲೂ ಮುಖದ ಮೇಲೆ ಇದ್ದಂತಿದೆ. ಇರಲಿ, ವಿಷಯ ಬಿಟ್ಟೆ.

ನಿಜವಾದ ತಪ್ಪು ಹಿಡಿಯಬೇಕು ಅಂದರೆ ಇಂಜಿನ್ ನೋಡಬೇಕು. ಮೀಟರ್ ಗೇಜ್‌ನ ಉಗಿ ಇಂಜಿನ್‌ಗಳಲ್ಲಿ ನಾವು ಜಾಸ್ತಿ ನೋಡಿದ್ದು ವೈಪಿ ಮತ್ತು ವೈಜಿ. ವೈ ಅಂದರೆ ಮೀಟರ್ ಗೇಜ್, ಪಿ ಅಂದರೆ ಪ್ಯಾಸೆಂಜರ್, ಜಿ ಅಂದರೆ ಗೂಡ್ಸ್. ಇವೆರಡೂ ನಮ್ಮ ಹಳಿ ಹತ್ತಿದ್ದು ಸ್ವಾತಂತ್ರ್ಯ ಬಂದಮೇಲೆ, ವೈಪಿ ತಯಾರಾಗಲು ಶುರುವಾದದ್ದೇ 1949ರಲ್ಲಿ. ಆದ್ದರಿಂದ ಯಾವುದೇ ಧಾರಾವಾಹಿ 'ಇದು 1930' ಅಂತ ಹೇಳಿ ವೈಪಿ ತೋರಿಸಿದರೆ ಗಾಂಧೀಜಿ ದಂಡಿಗೆ ಸ್ಕೂಟರ್‌ನಲ್ಲಿ ಹೋದ ಹಾಗೆ. ನಿಮ್ಮ ಮಗನಿಗೆ ಹೇಳಿ, ಇನ್ನು ಮೇಲೆ ರೈಲು ಬಂದಾಗ ಮುಖ ನೋಡಬೇಡ, ಇಂಜಿನ್ ಮೇಲಿನ ಅಕ್ಷರ ನೋಡು ಅಂತ.


ಕೊತ್ರೂಡ್ ಮಾಸ್ತರು:

ಹಿಂದಿ ವಿಷಯಕ್ಕೆ ನಾನು ಹೇಳುತ್ತೇನೆ ನೋಡ್ರಿ. ಅದು ತಪ್ಪಲ್ಲ, ಒಪ್ಪಂದ. ನಮ್ಮ ಧಾರವಾಡ ಕಡೆ ದೊಡ್ಡಾಟದಲ್ಲಿ ದುರ್ಯೋಧನ ಕನ್ನಡ ಮಾತಾಡುತ್ತಾನೆ. ಯಾರಾದರೂ ಎದ್ದು ನಿಂತು "ಹಸ್ತಿನಾವತಿಯಲ್ಲಿ ಕನ್ನಡ ಎಲ್ಲಿತ್ತೋ?" ಅಂತ ಕೇಳಿದ್ದು ಉಂಟಾ? ಮೂಲ ಪುಸ್ತಕದಲ್ಲಿ ಸ್ವಾಮಿ ಅಜ್ಜಿ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಾನಲ್ಲ, ಅದನ್ನು ಒಪ್ಪಿಕೊಂಡವರು ಹಿಂದಿಗೆ ಯಾಕೆ ಸಿಡುಕಬೇಕು. ಶಂಕರ್ ನಾಗ್ ಮಾಡಿದ್ದು ರಾಷ್ಟ್ರೀಯ ಜಾಲಕ್ಕೆ. ಇಂಗ್ಲಿಷ್‌ನಲ್ಲೂ ಮಾಡಿದರು. ಕೆಲವು ಕಡೆ ತುಟಿ ಒಂದು, ಮಾತು ಒಂದು ಅಂತ ಕಂಡರೆ ಡಬ್ಬಿಂಗ್‌ನ ಮಹಿಮೆ ಅಂದುಕೊಳ್ಳಿ.

ಆ ಹಿಂದಿಯೊಳಗೆ ನಮ್ಮ ರಾಗ ಇದೆ. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್. ಇವರ ಬಾಯಲ್ಲಿ ಹಿಂದಿ ಬಂದರೂ ಮನೆ ಕನ್ನಡದ್ದೇ. ಕಾರ್ನಾಡರು ಒಂದು ಕಾಲಕ್ಕೆ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರ್ ಆಗಿದ್ದವರು. ಟೈಟಲ್ ಬರುವಾಗ ಕಾಣುವ ಚಿತ್ರಗಳು ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು. ಮೈಸೂರಿನವರು, ಬದುಕಿದ್ದು ಮುಂಬೈಯಲ್ಲಿ, 2015ರಲ್ಲಿ ತೀರಿಕೊಂಡದ್ದು ಇಲ್ಲೇ ಪುಣೆಯಲ್ಲಿ. ಶಂಕರ್ ನಾಗ್ ಕೂಡ ಹೊನ್ನಾವರದಿಂದ ಓದಲು ಮುಂಬೈಗೆ ಬಂದು ಮರಾಠಿ ರಂಗಭೂಮಿಯಲ್ಲಿ ಪಳಗಿದವರು. ಚಾಪೇಕರ್ ಸಹೋದರರು ಪುಣೆಯಲ್ಲಿ ರ‍್ಯಾಂಡ್ ಸಾಹೇಬನಿಗೆ ಗುಂಡು ಹೊಡೆದ ಕಥೆಯ ಮರಾಠಿ ಸಿನಿಮಾ '22 ಜೂನ್ 1897'ರ ಚಿತ್ರಕಥೆಯಲ್ಲಿ ಅವರ ಕೈ ಇದೆ. ಹಳೇ ಕಾಲ ಕಟ್ಟುವುದು ಹೇಗೆ ಅಂತ ಆ ಹುಡುಗ ಮಾಲ್ಗುಡಿಗೆ ಮೊದಲೇ ನಮ್ಮ ಊರಿನಲ್ಲಿ ಕಲಿತಿದ್ದ ಅಂತ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಪುಣೆಯವರಿಗೆ ಎಲ್ಲದಕ್ಕೂ ಹೆಮ್ಮೆ ಅಂತ ಮುಂಬೈಯವರು ನಗಬಹುದು, ನಗಲಿ.

ನನಗೆ ಸಿಟ್ಟು ಬರುವುದು ಬೇರೆ ತಪ್ಪಿಗೆ. ಈಗಿನ ಧಾರಾವಾಹಿಗಳಲ್ಲಿ 1960ರ ಕಥೆ, ಪಾತ್ರ ಮಾತ್ರ "ನಾನು ಮುಂಬೈಗೆ ಹೋಗುತ್ತೇನೆ" ಅನ್ನುತ್ತದೆ. ಕನ್ನಡದ ಬಾಯಲ್ಲಿ ಅದು ಬೊಂಬಾಯಿ, ಕಾಗದದ ಮೇಲೆ ಬಾಂಬೆ. ಸರಕಾರಿ ಹೆಸರು ಮುಂಬೈ ಆದದ್ದು 1995ರಲ್ಲಿ.


ಠಾಣೆ ಪಿಕ್ಸೆಲ್:

ಮಾಸ್ತರೇ, ಒಂದು ಸಣ್ಣ ತಕರಾರು. ಮರಾಠಿಯವರು ಮನೆಯಲ್ಲಿ ಮೊದಲಿನಿಂದಲೂ ಮುಂಬಯಿ ಅಂತಲೇ ಹೇಳುತ್ತಿದ್ದರಲ್ಲ? ಪಾತ್ರ ಮರಾಠಿಯದಾದರೆ ಅದು ತಪ್ಪಾಗುವುದಿಲ್ಲ.


ಕೊತ್ರೂಡ್ ಮಾಸ್ತರು:

ಒಪ್ಪಿದೆ. ಹುಡುಗರು ಮಾಸ್ತರರನ್ನೇ ಹಿಡಿಯಲು ಶುರು ಮಾಡಿದಿರಿ. ಹಾಗೆ ನೋಡಿದರೆ 'ಕರ್ನಾಟಕ'ವೂ ಅದೇ ಕಥೆ. ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಆದ್ದರಿಂದ 1950ರ ಪಾತ್ರ "ಕರ್ನಾಟಕ ಸರಕಾರ" ಅಂದರೆ ತಪ್ಪು. ಬರೀ "ಕರ್ನಾಟಕ" ಅಂದರೆ ತಪ್ಪಲ್ಲ, ಏಕೀಕರಣದವರು ಆ ಹೆಸರು ಹೇಳಿಕೊಂಡೇ ಹೋರಾಡಿದ್ದು.


ಠಾಣೆ ಪಿಕ್ಸೆಲ್:

ಥ್ಯಾಂಕ್ಸ್ ಮಾಸ್ತರೇ. ನನ್ನ ಕೆಲಸವೇ ವಿಡಿಯೋ, ಅದಕ್ಕೆ ನನ್ನ ಎರಡು ಮಾತು.

ಹಳೇ ಧಾರಾವಾಹಿಗಳಲ್ಲಿ ಈಗ ಒಮ್ಮೆಲೇ ಮೈಕು, ವೈರು, ಲೈಟಿನ ಕಾಲು ಎಲ್ಲಾ ಕಾಣಲು ಶುರುವಾಗಿದೆ ಅಂತ ಜನ ಹೇಳುತ್ತಾರಲ್ಲ. ಆಗ ಯಾಕೆ ಕಾಣಲಿಲ್ಲ ಗೊತ್ತಾ? ಹಳೇ ಡಬ್ಬಾ ಟಿವಿ ಚಿತ್ರವನ್ನು ಪೂರ್ತಿ ತೋರಿಸುತ್ತಲೇ ಇರಲಿಲ್ಲ. ಪಿಕ್ಚರ್ ಟ್ಯೂಬಿನ ಸುತ್ತಲಿನ ಚೌಕಟ್ಟು ನಾಲ್ಕೂ ಬದಿಯ ಅಂಚನ್ನು ಸ್ವಲ್ಪ ಸ್ವಲ್ಪ ನುಂಗುತ್ತಿತ್ತು. ಒಂದೊಂದು ಟಿವಿ ಒಂದೊಂದು ಅಳತೆಯಲ್ಲಿ. ಕ್ಯಾಮರಾದವರಿಗೆ ಇದು ಗೊತ್ತಿತ್ತು. ಮುಖ್ಯವಾದದ್ದನ್ನು ಮಧ್ಯದಲ್ಲಿ ಇಡುತ್ತಿದ್ದರು, ಅಂಚಿನಲ್ಲಿ ಮೈಕು ಸ್ವಲ್ಪ ಇಣುಕಿದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಅದೇ ಚಿತ್ರವನ್ನು ಫೋನಿನಲ್ಲಿ ಅಂಚಿನಿಂದ ಅಂಚಿಗೆ ನೋಡುತ್ತಿದ್ದೇವೆ, ಮೇಲಾಗಿ ನಿಲ್ಲಿಸಿ, ಹಿಗ್ಗಿಸಿ. ಮದುವೆ ಊಟಕ್ಕೆ ಹೋಗಿ ಅಡುಗೆಮನೆ ಮೋರಿ ನೋಡಿ ಬಂದಂತೆ.

ಇದಕ್ಕೆ ತಿರುಗಾ ಮುರುಗಾ ಇನ್ನೊಂದು ತೊಂದರೆ. ಆಗಿನ ಟಿವಿ ಚಿತ್ರ ಹೆಚ್ಚು ಕಡಿಮೆ ಚೌಕ, 4:3. ಈಗಿನ ಟಿವಿ ಅಗಲ, 16:9. ಕೆಲವರು ಹಳೇದನ್ನು ಅಗಲ ಪರದೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. ಲೆಕ್ಕ ಹಾಕಿದರೆ ಚಿತ್ರದ ಕಾಲು ಭಾಗ ಹೋಯಿತು. ಕಾಲಿಗೆ ಚಪ್ಪಲಿ ಇತ್ತೋ ಇಲ್ಲವೋ ಅಂತ ಜಗಳ ಆಡುವ ಮೊದಲು ನಿಮ್ಮ ಕಾಪಿಯಲ್ಲಿ ಕಾಲು ಇದೆಯಾ ನೋಡಿಕೊಳ್ಳಿ.

ಭೀಷ್ಮನ ಕೂಲರ್ ನೆನಪಿದೆಯಾ ಯಾರಿಗಾದರೂ? 2020ರ ಲಾಕ್‌ಡೌನ್‌ನಲ್ಲಿ ಬಿ. ಆರ್. ಚೋಪ್ರಾ ಮಹಾಭಾರತ ಮತ್ತೆ ಹಾಕಿದಾಗ ಒಂದು ಫೋಟೋ ಎಲ್ಲಾ ಗ್ರೂಪಿನಲ್ಲೂ ಓಡಾಡಿತು. ಭೀಷ್ಮ ಕೂತಿದ್ದಾರೆ, ಹಿಂದೆ ಏರ್ ಕೂಲರ್! ನಾನೂ ನಕ್ಕು ಹತ್ತು ಜನಕ್ಕೆ ಕಳಿಸಿದೆ. ಆಮೇಲೆ ಬೇರೆ ಕೋನದ ಚಿತ್ರ ಬಂತು. ಅದು ಕೂಲರ್ ಅಲ್ಲ, ಕಂಬದ ಕೆತ್ತನೆ. ಆ ಹತ್ತು ಜನರಲ್ಲಿ ಒಬ್ಬರಿಗೂ ನಾನು ತಿದ್ದುಪಡಿ ಕಳಿಸಲಿಲ್ಲ, ಅದು ನನ್ನ ಪಾಪ. ಗೇಮ್ ಆಫ್ ಥ್ರೋನ್ಸ್‌ನ ಕಾಫಿ ಕಪ್ ಮಾತ್ರ ನಿಜ. 2019ರಲ್ಲಿ ಪ್ರಸಾರ ಆದಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿದರು. ಅಷ್ಟು ದುಡ್ಡು ಸುರಿದವರೇ ಕಪ್ ಮರೆತರೆ, ನಮ್ಮ ದೂರದರ್ಶನದವರು ದೇವರು ಅಲ್ವಾ.


ಗೋರೆಗಾಂವ್ ಕಂಟಿನ್ಯೂಟಿ:

ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದವಳು, ಇದಕ್ಕೆ ಬರೆಯದೆ ಇರಲಾಗಲಿಲ್ಲ. 90ರ ದಶಕದ ಕೊನೆಗೆ ಗೋರೆಗಾಂವ್ ಕಡೆ ಒಂದು ಹಿಂದಿ ಧಾರಾವಾಹಿಯಲ್ಲಿ ಕಂಟಿನ್ಯೂಟಿ ನೋಡುವ ಕೆಲಸ ಮಾಡಿದ್ದೆ. ಹೆಸರು ಬೇಡ. ಈಗ ಮುಲುಂಡ್‌ನಲ್ಲಿ ಮೊಮ್ಮಕ್ಕಳ ಕಂಟಿನ್ಯೂಟಿ ನೋಡುತ್ತಿದ್ದೇನೆ.

ಜನ ಏನು ಅಂದುಕೊಳ್ಳುತ್ತಾರೆ ಅಂದರೆ ಕಥೆ ಹೇಗೆ ಸಾಗುತ್ತದೋ ಹಾಗೇ ಶೂಟಿಂಗ್ ಅಂತ. ಹಾಗಿಲ್ಲ. ಒಂದು ಮನೆ ಸಿಕ್ಕರೆ ಆ ಮನೆಯ ದೃಶ್ಯ ಎಲ್ಲಾ ಒಟ್ಟಿಗೆ. ಬೆಳಿಗ್ಗೆ ಗಂಡ ಸಾಯುತ್ತಾನೆ, ಮಧ್ಯಾಹ್ನ ಅವನ ಮದುವೆ, ಸಂಜೆ ಮಳೆ ಬಂದರೆ ಪ್ಯಾಕಪ್. ಹೀರೋ ಬಾಗಿಲ ಹೊರಗೆ ಕಾಲಿಡುವುದು ಸೋಮವಾರ, ಒಳಗೆ ಬರುವುದು ಮುಂದಿನ ಗುರುವಾರ. ಆ ಹತ್ತು ದಿನದಲ್ಲಿ ಅವನು ಕ್ಷೌರ ಮಾಡಿಸಿರುತ್ತಾನೆ, ನಟಿ ಬಳೆ ಕಳೆದುಕೊಂಡಿರುತ್ತಾಳೆ. ಎಲ್ಲವನ್ನೂ ನಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಯಾವ ಕೈಯಲ್ಲಿ ಚೀಲ, ಸೆರಗು ಯಾವ ಹೆಗಲಿಗೆ, ಗಡಿಯಾರ ಎಷ್ಟು ಗಂಟೆ, ಕುಂಕುಮ ಎಷ್ಟು ದೊಡ್ಡದು. ಪೋಲರಾಯ್ಡ್ ಫೋಟೋ ತೆಗೆಯಬಹುದು, ಆದರೆ ಅದು ದುಬಾರಿ, ಪ್ರೊಡಕ್ಷನ್‌ನವರು ಎಣಿಸಿ ಕೊಡುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ಊಟ. ಪಾತ್ರಗಳು ತಿನ್ನುತ್ತಾ ಮಾತಾಡಿದರೆ ನನ್ನ ಕಥೆ ಮುಗಿಯಿತು. ಒಂದು ಸಲ ಬೆಳಗಿನ ತಿಂಡಿಯ ದೃಶ್ಯ. ಪುಟ್ಟ ಹುಡುಗನ ಮುಂದೆ ಹಾಲಿನ ಲೋಟ. ಪ್ರತಿ ಟೇಕ್‌ಗೂ ಕುಡಿಯಬೇಕು, ಪ್ರತಿ ಟೇಕ್ ಆದಮೇಲೆ ನಾನು ಓಡಿ ಅದೇ ಮಟ್ಟಕ್ಕೆ ಹಾಲು ತುಂಬಬೇಕು. ಆರನೇ ಟೇಕ್‌ಗೆ ಹುಡುಗ ಅಳಲು ಶುರು, ಹೊಟ್ಟೆಯಲ್ಲಿ ಜಾಗ ಇಲ್ಲ. ಹಾಲಿನ ಮಟ್ಟ ಮರೆತುಹೋಗಬಾರದು ಅಂತ ಗಾಜಿನ ಲೋಟದ ಹಿಂದೆ ಸ್ಕೆಚ್ ಪೆನ್‌ನಲ್ಲಿ ಸಣ್ಣ ಕಪ್ಪು ಚುಕ್ಕೆ ಇಟ್ಟೆ. ಕ್ಯಾಮರಾಗೆ ಕಾಣದ ಕಡೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮರುದಿನ ಕ್ಲೋಸಪ್. ಹುಡುಗ ಲೋಟ ತಿರುಗಿಸಿ ಹಿಡಿದ. ನಾನು ಅಮ್ಮನ ಪಾತ್ರದವಳ ಸೀರೆಯ ಪಿನ್ ನೋಡುತ್ತಿದ್ದೆ. ಮೂರು ವಾರ ಆದಮೇಲೆ ಟಿವಿಯಲ್ಲಿ ನೋಡಿದರೆ ಪರದೆಯ ನಟ್ಟನಡುವೆ ನನ್ನ ಚುಕ್ಕೆ, ಕಡಲೆಕಾಳಿನಷ್ಟು ದೊಡ್ಡದು. ಡೈರೆಕ್ಟರ್‌ಗೆ ಕಂಡಿಲ್ಲ, ಎಡಿಟರ್‌ಗೆ ಕಂಡಿಲ್ಲ. ನಮ್ಮ ಬಿಲ್ಡಿಂಗಿನ ಕೆಳಮನೆ ಅಜ್ಜಿ ಮಾತ್ರ ಮರುದಿನ ಲಿಫ್ಟಿನಲ್ಲಿ ಕೇಳಿದರು, "ಅಲ್ಲ ಕಣೇ, ಹಾಲಿಗೆ ದೃಷ್ಟಿ ಆಗಬಾರದು ಅಂತ ಲೋಟಕ್ಕೂ ದೃಷ್ಟಿಬೊಟ್ಟು ಇಡುತ್ತಾರಾ ನಿಮ್ಮ ಶೂಟಿಂಗ್‌ನಲ್ಲಿ?"

ಹೌದು ಅಂದೆ. ಇನ್ನೇನು ಹೇಳಲಿ.

ನಾಣ್ಯದಲ್ಲೂ ಒಮ್ಮೆ ಸಿಕ್ಕಿಬಿದ್ದಿದ್ದೇವೆ. ಬ್ರಿಟಿಷರ ಕಾಲದ ಕಥೆ, ಭಿಕ್ಷುಕನ ತಟ್ಟೆಗೆ ನಾಣ್ಯ ಬೀಳುತ್ತದೆ, ಹತ್ತಿರದಿಂದ ತೋರಿಸಿದರೆ ಅಶೋಕನ ಸಿಂಹಗಳು! ಸಿಂಹದ ನಾಣ್ಯ ಬಂದದ್ದು 1950ರಲ್ಲಿ, ಅದಕ್ಕೆ ಮೊದಲು ರಾಜನ ತಲೆ. ಸದ್ಯ ಅದು ಪ್ರಸಾರಕ್ಕೆ ಮೊದಲೇ ಸಿಕ್ಕಿತು. ಲೆಕ್ಕವೂ ಬೇರೆ ಇತ್ತು, ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ನೂರು ಪೈಸೆಯ ಲೆಕ್ಕ ಶುರುವಾದದ್ದು 1957ರಲ್ಲಿ. ಬರೆಯುವವರಿಗೆ ಇದು ನೆನಪಿರುವುದಿಲ್ಲ, ಹಳೇ ಕಾಲದ ಮುದುಕನ ಬಾಯಲ್ಲೂ "ಐವತ್ತು ಪೈಸೆ" ಅಂತ ಬರೆದುಬಿಡುತ್ತಾರೆ. ಎಂಟಾಣೆ ಅನ್ನಬೇಕು.


ಮಡಗಾಂವ್ ಗೇರುಬೀಜ:

ಅಕ್ಕಾ, ದೃಷ್ಟಿಬೊಟ್ಟು ಓದಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಊಟದ ವಿಷಯಕ್ಕೆ ಗೋವಾದವರ ಪಾಲು ತೆಗೆದುಕೊಳ್ಳಿ. ಪೌರಾಣಿಕ ಧಾರಾವಾಹಿಗಳಲ್ಲಿ ಅಡುಗೆಮನೆ ತೋರಿಸಿದರೆ ನಾನು ಮೊದಲು ಹುಡುಕುವುದು ಕೆಂಪು ಮೆಣಸಿನಕಾಯಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೇರು, ಪರಂಗಿ, ಸೀಬೆ ಎಲ್ಲಾ ಅಮೆರಿಕ ಖಂಡದಿಂದ ಬಂದದ್ದು, ಹೆಚ್ಚಿನವು ಪೋರ್ಚುಗೀಸರ ಹಡಗಿನಲ್ಲಿ. ಅವರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೆ ಮೊದಲಿನ ಯಾವ ಋಷಿಯ ಆಶ್ರಮದಲ್ಲೂ ಒಗ್ಗರಣೆಗೆ ಒಣಮೆಣಸಿನಕಾಯಿ ಬೀಳುವ ಹಾಗಿಲ್ಲ. ಚೆಂಡುಹೂವಿನ ಹಾರವೂ ಹಾಗೇ, ಅದು ಮೆಕ್ಸಿಕೋ ಕಡೆಯ ಗಿಡ.

ಕನ್ನಡ ಇದನ್ನು ಮರೆತಿಲ್ಲ ನೋಡಿ. 'ಪರಂಗಿ ಹಣ್ಣು' ಅಂದರೆ ಪರಂಗಿಯವರ ಹಣ್ಣು, ಹೆಸರಲ್ಲೇ ಪಾಸ್‌ಪೋರ್ಟ್ ಇದೆ. ನಮ್ಮಲ್ಲಿ ಮೊದಲಿದ್ದ ಖಾರ ಕಾಳುಮೆಣಸು, ಬರೀ 'ಮೆಣಸು'. ಆಮೇಲೆ ಬಂದದ್ದು ಅದರ ಹೆಸರಿಗೇ ಕಾಯಿ ಅಂಟಿಸಿಕೊಂಡು 'ಮೆಣಸಿನಕಾಯಿ' ಆಯಿತು. ಧಾರಾವಾಹಿಯವರು ನಿಘಂಟು ತೆರೆದರೂ ಸಾಕಿತ್ತು.

ಆದರೆ ಪುರಾಣಕ್ಕೆ ಇಷ್ಟು ಜಗ್ಗುವುದು ಸರಿಯಾ ಅಂತ ನನಗೂ ಅನುಮಾನ. ರಾಮನ ತೋಳಿನಲ್ಲಿ ಲಸಿಕೆಯ ಕಲೆ ಹುಡುಕುವವರೂ ಇದ್ದಾರೆ. ತೋಳಬಂದಿ ಯಾಕೆ ಅಷ್ಟು ಅಗಲ ಇರುತ್ತದೆ ಅಂತ ಈಗ ಗೊತ್ತಾಯಿತಲ್ಲ.


ಸುಮ್ನೆ ನೋಡ್ರಪ್ಪ:

ಎಲ್ಲರೂ ಇಷ್ಟು ಓದಿಕೊಂಡವರು, ಒಂದು ಧಾರಾವಾಹಿಯನ್ನು ಸುಮ್ನೆ ನೋಡೋಕೆ ಆಗಲ್ವಾ? ಆಗ ಇಡೀ ಚಾಳಿಗೆ ಒಂದೇ ಟಿವಿ. ನಾವು ಮೂವತ್ತು ಜನ ನೆಲದ ಮೇಲೆ ಕೂತು ನೋಡಿದ್ದೇವೆ. ನನ್ನ ಮುಂದೆ ಒಬ್ಬನ ತಲೆ, ನನಗೆ ಅರ್ಧ ಪರದೆ ಮಾತ್ರ ಕಾಣುತ್ತಿತ್ತು. ಆ ಅರ್ಧದಲ್ಲಿ ಒಂದೂ ತಪ್ಪು ಇರಲಿಲ್ಲ.


ಮುಲುಂಡ್ ತುಳುವ:

ಇದು ಒಳ್ಳೇದಾಯ್ತು ಮಾರಾಯ್ರೆ, ಅರ್ಧ ಪರದೆ. ಆದರೆ ಪ್ರೀತಿ ಇದ್ದವರೇ ತಪ್ಪು ಹುಡುಕುವುದು. ಇಷ್ಟ ಇಲ್ಲದ್ದನ್ನು ಯಾರು ನಾಲ್ಕು ಸಲ ನೋಡುತ್ತಾರೆ? ನಾವು ಮುಂಬೈಯ ತುಳುವರು 'ಗುಡ್ಡದ ಭೂತ' ಧಾರಾವಾಹಿಯನ್ನು ಹಾಗೇ ನೋಡಿದ್ದು. ಅದನ್ನು ನಿರ್ದೇಶಿಸಿದ ಸದಾನಂದ ಸುವರ್ಣರು ಮುಂಬೈಯ ರಂಗಭೂಮಿಯಲ್ಲಿ ಬೆಳೆದವರು, ನಮ್ಮವರೇ ಅಂತ ಹೆಮ್ಮೆ, ಆದ್ದರಿಂದ ಅವರ ಮೇಲೆ ಕಣ್ಣೂ ಜಾಸ್ತಿ. "ಭೂತದ ಕೋಲದಲ್ಲಿ ಹಾಗೆ ನಿಲ್ಲುವುದಿಲ್ಲ, ಹೀಗೆ" ಅಂತ ನಮ್ಮ ದೊಡ್ಡಪ್ಪ ಟಿವಿ ಮುಂದೆ ಎದ್ದು ನಿಂತು ತೋರಿಸುತ್ತಿದ್ದರು. ಟಿವಿ ಕಾಣದೆ ನಾವು ಕೂಗುತ್ತಿದ್ದೆವು.

ಮಾಲ್ಗುಡಿಗೆ ಬಂದರೆ, ನನ್ನ ಪ್ರಕಾರ ಒಂದೇ ದೊಡ್ಡ ತಪ್ಪು, ಹವೆ. ಪುಸ್ತಕದ ಮಾಲ್ಗುಡಿ ಬಿಸಿಲಿನ ಊರು. ನದಿಗೆ ಮರಳಿನ ದಂಡೆ, ಮಧ್ಯಾಹ್ನದಲ್ಲಿ ಧೂಳು. ಆಗುಂಬೆ ಅಂದರೆ ದಕ್ಷಿಣದ ಚಿರಾಪುಂಜಿ, ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಪಾಚಿ ಹಿಡಿದ ಗೋಡೆ, ಕಡಿದಾದ ಹೆಂಚಿನ ಮಾಡು, ಜಗುಲಿ, ಇದೆಲ್ಲ ಮಳೆಗೆ ಹೆದರಿ ಕಟ್ಟಿದ ಮನೆ. ಹಾಗಂತ ಹೆಂಚು ಆ ಕಾಲಕ್ಕೆ ಇರಲಿಲ್ಲ ಅನ್ನಬೇಡಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ.

ಆದರೂ ಈಗ ಮಾಲ್ಗುಡಿ ಅಂದರೆ ಯಾರ ಕಣ್ಣಿಗೂ ಆಗುಂಬೆಯೇ ಬರುವುದು. ನಾರಾಯಣ್ ಅವರ 'ಗೈಡ್' ಸಿನಿಮಾ ಆದಾಗ ಊರನ್ನೇ ರಾಜಸ್ಥಾನಕ್ಕೆ ಎತ್ತಿಕೊಂಡು ಹೋದರು ಅಂತ ಅವರು ಬೇಸರದಲ್ಲಿ ಒಂದು ಲೇಖನವನ್ನೇ ಬರೆದಿದ್ದಾರೆ. ಅದಕ್ಕೆ ಹೋಲಿಸಿದರೆ ಶಂಕರ್ ನಾಗ್ ಮಾಡಿದ್ದು ಪಕ್ಕದ ಬೀದಿಗೆ ಮನೆ ಬದಲಾಯಿಸಿದಷ್ಟೇ.


ಮಾಟುಂಗ ಫಿಲ್ಟರ್ ಕಾಫಿ:

ತಪ್ಪು ಹುಡುಕುವವರಿಗೆಲ್ಲ ಮಾಲ್ಗುಡಿಯಲ್ಲೇ ಒಂದು ಕಥೆ ಇದೆಯಲ್ಲ, 'ಲಾಲಿ ರೋಡ್'. ಸ್ವಾತಂತ್ರ್ಯ ಬಂತು, ಮುನ್ಸಿಪಾಲಿಟಿಯವರಿಗೆ ಉತ್ಸಾಹ ಉಕ್ಕಿತು, ಬೀದಿ ಪಾರ್ಕು ಎಲ್ಲದರ ಹೆಸರು ಬದಲು. ಯಾರ ಕಾಗದ ಯಾರ ಮನೆಗೂ ಸರಿಯಾಗಿ ಹೋಗುತ್ತಿಲ್ಲ. ವಿ.ಟಿ., ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್‌ಗಳ ಹೆಸರು ಬದಲಾದದ್ದನ್ನು ನೋಡಿದ ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆ ಮೇಲೆ ಕಣ್ಣು. ಅವನು ಮಹಾ ಕ್ರೂರಿ ಅಂತ ದಾಖಲೆ ತೆಗೆದು, ಕಷ್ಟಪಟ್ಟು ಅದನ್ನು ಕೀಳಿಸುತ್ತಾರೆ. ಕೀಳಿಸಿದ ಮೇಲೆ ಗೊತ್ತಾಗುತ್ತದೆ, ಲಾಲಿ ಅಂತ ಇಬ್ಬರಿದ್ದರು! ಕ್ರೂರಿ ಬೇರೆ. ಈ ಪ್ರತಿಮೆಯವನು ಊರಿಗೆ ಒಳ್ಳೆಯದು ಮಾಡಿದವನು. ಕೊನೆಗೆ ಕಬೀರ್ ಲೇನ್ ಅನ್ನುವ ಗಲ್ಲಿಗೆ ಲಾಲಿ ರೋಡ್ ಅಂತ ಹೆಸರಿಡುತ್ತಾರೆ.

ಭೀಷ್ಮನ ಕೂಲರ್ ಓದಿದಾಗ ನನಗೆ ಇದೇ ನೆನಪಾಯಿತು.


ಡೊಂಬಿವಲಿ ಕಿಟಕಿ ಸೀಟು:

ಇಷ್ಟೆಲ್ಲ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಆಗಸ್ಟ್ 15ಕ್ಕೆ ಮಗ ಸೋಲು ಒಪ್ಪಿಕೊಂಡ. ಇಂಜಿನ್ ವಿಷಯ ಕೇಳಿ ಈಗ ರೈಲು ಬಂದಾಗೆಲ್ಲ ಪರದೆಗೆ ಮೂಗು ತಾಗಿಸುತ್ತಾನೆ.

ಆದರೆ ನಡುವೆ ಬೇರೆಯೇ ಒಂದು ವಿಷಯ ಹೊರಗೆ ಬಂತು. ಅತ್ತೆ ಯಾಕೆ ಅಷ್ಟು ಗಮನ ಇಟ್ಟು ನೋಡುತ್ತಿದ್ದರು ಅಂತ ನನಗೆ ಈಗ ಗೊತ್ತಾಯಿತು. ಕಥೆ ನೋಡುತ್ತಿರಲಿಲ್ಲ ಅವರು. ಗುಂಪು ನೋಡುತ್ತಿದ್ದರು. ಅವರ ಅಣ್ಣ ಆಗ ಆಗುಂಬೆಗೆ ಶೂಟಿಂಗ್ ನೋಡಲು ಹೋಗಿದ್ದರಂತೆ. ಯಾರೋ ಕರೆದು, ಅಂಗಿ ಬಿಚ್ಚಿಸಿ, ಒಂದು ಪಂಚೆ ರುಮಾಲು ಕೊಟ್ಟು ಜನರ ನಡುವೆ ನಿಲ್ಲಿಸಿದರಂತೆ. "ಕ್ಯಾಮರಾ ನೋಡಬೇಡಿ" ಅಂತ ಹೇಳಿದರಂತೆ. ಬದುಕಿರುವವರೆಗೂ ಅದನ್ನೇ ಹೇಳಿಕೊಂಡಿದ್ದರು. ಯಾವ ಕಥೆ, ಯಾವ ಕಂತು, ಅವರಿಗೂ ಗೊತ್ತಿರಲಿಲ್ಲ. ಪ್ರಸಾರ ಆಗುವಾಗ ಊರಲ್ಲಿ ಕರೆಂಟು ಇದ್ದರೆ ತಾನೇ. ಅಣ್ಣ ಹೋಗಿ ಆರು ವರ್ಷ ಆಯಿತು.

ಠಾಣೆ ಪಿಕ್ಸೆಲ್ ಅವರೇ, ನಿಮ್ಮ ಮಾತು ಓದಿ ಮಗ ನಮ್ಮ ಕಾಪಿ ಪರೀಕ್ಷೆ ಮಾಡಿದ. ಮೇಲೆ ಕೆಳಗೆ ಕತ್ತರಿಸಿದ್ದೇ ಆಗಿತ್ತು! ಕತ್ತರಿಸದ ಕಾಪಿ ಹುಡುಕಿ ಹಾಕಿದ. ಒಂದೊಂದು ಗುಂಪಿನ ದೃಶ್ಯದಲ್ಲೂ ಇನ್ನೊಂದು ಸಾಲು ತಲೆಗಳು ಎದ್ದು ಬಂದವು. ಬಾಳೆಕಾಯಿ ಚಿಪ್ಸ್ ತಟ್ಟೆ ಮಡಿಲಲ್ಲಿ ಇಟ್ಟುಕೊಂಡು ಅತ್ತೆ ನಿನ್ನೆ ರಾತ್ರಿ ಹನ್ನೊಂದರವರೆಗೆ ಕೂತಿದ್ದರು. ಮಗ ಒಂದೊಂದೇ ಚಿತ್ರ ಮುಂದಕ್ಕೆ ತಳ್ಳುತ್ತಿದ್ದ. ಒಂದು ಕಡೆ "ನಿಲ್ಲಿಸು" ಅಂದರು. ಮೂಲೆಯಲ್ಲಿ ಒಬ್ಬರು ನಿಂತಿದ್ದಾರೆ, ಎಡಗಾಲಿನ ಮೇಲೆ ಭಾರ ಹಾಕಿ, ಕೈ ಸೊಂಟದ ಮೇಲೆ. ಮುಂದಿನವನ ಛತ್ರಿ ಮುಖಕ್ಕೆ ಅಡ್ಡ ಬಂದಿದೆ.

"ಇದೇ ಅಣ್ಣ" ಅಂದರು.

"ಅಜ್ಜೀ, ಮುಖವೇ ಕಾಣಲ್ವಲ್ಲ" ಅಂದ ಇವನು.

"ಮುಖ ಯಾಕೋ, ನಿಂತದ್ದು ನೋಡು. ಗದ್ದೆ ಬದುವಿನ ಮೇಲೆ ಹೀಗೇ ನಿಲ್ಲುತ್ತಿದ್ದ."

ಮಗ ಏನೂ ಹೇಳಲಿಲ್ಲ. ಆ ಚಿತ್ರ ಉಳಿಸಿ ಅಜ್ಜಿಯ ಫೋನಿಗೆ ಕಳಿಸಿದ.


ಗೋರೆಗಾಂವ್ ಕಂಟಿನ್ಯೂಟಿ:

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಆ ಛತ್ರಿಯವನನ್ನು ಪಕ್ಕಕ್ಕೆ ಸರಿಸದ ಅಸಿಸ್ಟೆಂಟ್ ಯಾರು ಅಂತ ನನಗೆ ಸಿಟ್ಟು ಬರುತ್ತಿದೆ.

ಒಂದು ಕೇಳಲಾ, ತಪ್ಪು ತಿಳಿಯಬೇಡಿ, ಅಭ್ಯಾಸ ಬಲ. ಮೊದಲು ಅತ್ತೆ ಮುಂದೆ ಇದ್ದದ್ದು ಹಲಸಿನ ಹಪ್ಪಳ. ಈಗ ಬಾಳೆಕಾಯಿ ಚಿಪ್ಸ್ ಆಗಿದೆ.


ಡೊಂಬಿವಲಿ ಕಿಟಕಿ ಸೀಟು:

ಹಪ್ಪಳ ಮೊದಲ ದಿನವೇ ಖಾಲಿ ಆಯ್ತು ಅಕ್ಕಾ. ಮಗ ತಿಂದ. ಊರಿಂದ ಇನ್ನೂ ಬಂದಿಲ್ಲ.